ಅತ್ತೆಯ ಪಾಲಿನ ಕಲೀಜಾ

ನಮ್ಮ ಮನೆಯಲ್ಲಿ ಮಟನ್ ತಂದ ದಿನ ಯಾವ ತುಂಡು ಯಾರಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಕಲೀಜಾ, ಅಂದರೆ ಲಿವರ್, ಗಂಡಸರದು. ಬೋಟಿ, ಅಂದರೆ ಕರುಳು, ತೊಳೆಯುವುದು ಮಾತ್ರ ಹೆಂಗಸರದು. ಬಿಸಿನೀರು ಹೊಯ್ದು, ತಿರುವಿ, ಉಜ್ಜಿ, ಸೊಂಟ ಬಿದ್ದುಹೋಗುವಷ್ಟು ತೊಳೆದ ಮೇಲೆ ನಮ್ಮ ಗಂಗಾಳಕ್ಕೆ ಬರುತ್ತಿದ್ದದ್ದು ಖಾರದ ರಸ, ಅದೃಷ್ಟವಿದ್ದರೆ ಒಂದೆರಡು ಚೂರು. ನನ್ನ ಅತ್ತೆ ಸೇಡಂ ಊರಿನ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕಲೀಜಾ ಹುರಿದವರು. ಉಪ್ಪು ನೋಡಲಿಕ್ಕೂ ಬಾಯಿಗೆ ಹಾಕಿಕೊಂಡವರಲ್ಲ. ವಾಸನೆಯಲ್ಲೇ ಉಪ್ಪು ತಿಳಿಯುತ್ತದೆ ಎನ್ನುತ್ತಿದ್ದರು.

ಅಂಥವರ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಕಲಬುರಗಿಯ ಡಾಕ್ಟರು, ರಕ್ತ ಬಹಳ ಕಡಿಮೆ ಇದೆ, ಅದು ಏರದೆ ಆಪರೇಷನ್ ಮಾಡಲಾಗದು ಎಂದರು. ಮಾತ್ರೆ ಬರೆದುಕೊಟ್ಟು, "ಕಲೀಜಾ ತಿನ್ನಿಸ್ರಿ" ಎಂದೂ ಹೇಳಿದರು. ನಾನು ಅಂಗನವಾಡಿಯವಳು. ಓಣಿಯ ಹೆಂಗಸರಿಗೆಲ್ಲ ಇದೇ ಪಾಠ ಹೇಳುವವಳು: ಕಲೀಜಾದ ಕಬ್ಬಿಣದ ಅಂಶ ಸೊಪ್ಪಿನದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ, ಬಿ-12 ಇದೆ, ಎ ಜೀವಸತ್ವವಂತೂ ಎಷ್ಟಿದೆಯೆಂದರೆ ಬಸುರಿಯರು ಹೆಚ್ಚು ತಿನ್ನಬಾರದು. ನನ್ನ ಪಾಠ ನನ್ನ ಅಡುಗೆಮನೆಯಲ್ಲೇ ನಡೆಯಲಿಲ್ಲ. ಅತ್ತೆಗೆಂದು ತಂದ ಕಲೀಜಾ ಪ್ರತಿ ಸಲವೂ ನನ್ನ ಗಂಡನ ಗಂಗಾಳಕ್ಕೇ ಹೋಗುತ್ತಿತ್ತು.

"ನಾ ಕುಂತು ತಿನ್ನಾಕಿ. ಅಂವ ದುಡಿಯಾಂವ, ಅವನಿಗಿರಲಿ."

ನನ್ನ ಗಂಡ ಬೇಡವೆಂದರೆ ಅತ್ತೆ ಮುಚ್ಚಿಟ್ಟು ಮುಂದಿನ ಊಟಕ್ಕೆ ಮತ್ತೆ ಅವರಿಗೇ ಬಡಿಸುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಸಿಟ್ಟಿಗಿಂತ ಹೆಚ್ಚು ಹೆದರಿಕೆ. ಮುದುಕಿಯ ಮುಖ ದಿನದಿಂದ ದಿನಕ್ಕೆ ಬಿಳಿಚಿಕೊಳ್ಳುತ್ತಿತ್ತು.

ಹೈದರಾಬಾದಿನಲ್ಲಿ ಓದುವ ನನ್ನ ಮಗಳು ರಜೆಗೆ ಬರುವಾಗ ಹಾಸ್ಟೆಲಿನ ಗೆಳತಿಯನ್ನೂ ಕರೆತಂದಳು. ಇರಾನಿನ ಹುಡುಗಿ. ಬಾಗಿಲು ದಾಟಿದವಳೇ ಅತ್ತೆಯನ್ನು ತಬ್ಬಿಕೊಂಡು, ಕೆನ್ನೆಗೆ ಮುತ್ತಿಟ್ಟು, "ಜಿಗರಂ, ಜಿಗರಂ" ಎಂದಳು.

ನಮ್ಮ ಕಡೆಯ ಮುದುಕಿಯರಿಗೆ ಉರ್ದು ಹೊಸದಲ್ಲ. ಜಿಗರ್ ಎಂದರೆ ಕಲೀಜಾ ಎಂದು ಅತ್ತೆಗೆ ಗೊತ್ತು. ಒಳಗೆ ಬಂದು ನನ್ನ ಕಿವಿಯಲ್ಲಿ, "ಪಾಪ, ಹಸದು ಬಂದದ ಕೂಸು. ಬಂದ ಕೂಡ್ಲೆ ಕಲೀಜಾ ಕೇಳಾಕತ್ತದ. ನನ್ನ ಪಾಲಿಂದು ಅದ ಅಲ್ಲಾ, ಅದನ್ನ ಕೊಡು" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಸಿ ಕಲೀಜಾದ ಡಬ್ಬಿಯನ್ನೇ ಒಯ್ದು ಹುಡುಗಿಯ ಮುಂದಿಟ್ಟು, "ಹ್ಯಾಂಗ ಮಾಡ್ಲಿ ಹೇಳವ್ವಾ" ಎಂದು ಕೇಳಿಯೂ ಬಿಟ್ಟರು.

ಮಗಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. "ಆಯಿ, ಅಕಿ ತಿನ್ನಾಕ ಕೇಳಿದ್ದಲ್ಲ. ಅವರ ಕಡೆ ಪ್ರೀತಿಲೆ ‘ನನ್ನ ಜಿಗರ್’ ಅಂತ ಕರೀತಾರ. ಭಾಳ ಪ್ರೀತಿ ಬಂದ್ರ ‘ನಿನ್ನ ಜಿಗರ್ ತಿಂತೀನಿ’ ಅಂತಾರಂತ."

"ನಂದಾ?" ಎಂದು ಅತ್ತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. "ನಂದು ಎಂದೋ ತಿಂದು ಮುಗಿಸ್ಯಾರ ತಗಿ."

ಎಲ್ಲರೂ ನಕ್ಕೆವು.

ಆ ಹುಡುಗಿಯ ಮಾತು ಕೇಳುತ್ತ ನಾನು ಬೆರಗಾಗಿ ಕೂತೆ. ಮಕ್ಕಳನ್ನು ಕರುಳ ಕುಡಿ ಎನ್ನುತ್ತೇವೆ, ದುಃಖ ಕಂಡರೆ ನಮ್ಮ ಕರುಳು ಚುರ್ ಎನ್ನುತ್ತದೆ. ನಾವು ಕರುಳಿನಿಂದ ಪ್ರೀತಿಸುವವರು, ಅವರು ಕಲೀಜಾದಿಂದ! ಅವರ ಊರಿನಲ್ಲಿ ನಸುಕಿಗೇ ಜನ ಹೋಟೆಲಿಗೆ ಹೋಗಿ, ಕುರಿಯ ತಲೆ ಮತ್ತು ಕಾಲು ಬೆಂದ ಸಾರಿಗೆ ರೊಟ್ಟಿ ಮುರಿದು ಹಾಕಿ ತಿನ್ನುತ್ತಾರಂತೆ. ಕಾಲಿಗೆ ಅವರು ‘ಪಾ’ ಎನ್ನುತ್ತಾರೆ. ಶಹಾಬಾದಿನ ಹೋಟೆಲುಗಳ ಕಾಲಿನ ಸಾರು, ಪಾಯಾ, ನೆನಪಾಗಿ ಮೈ ಜುಮ್ಮೆಂದಿತು. ಅಷ್ಟು ದೂರದ ಮಾತು ಯಾವಾಗ ಬಂದು ನಮ್ಮ ಗಂಗಾಳದಲ್ಲಿ ಕೂತಿತು?

ಅಡುಗೆ ತಾನೇ ಮಾಡುತ್ತೇನೆಂದು ಹುಡುಗಿ ಎದ್ದಳು. ಕಬಾಬು ಪೋಣಿಸುವ ಕಬ್ಬಿಣದ ಸೀಕು ನಮ್ಮಲ್ಲಿರಲಿಲ್ಲ. ಹಿತ್ತಿಲಲ್ಲಿ ಒಟ್ಟಿದ್ದ ತೊಗರಿ ಕಟ್ಟಿಗೆಯಿಂದ ಸಣ್ಣ ಕಡ್ಡಿ ಆಯ್ದು, ನೀರಲ್ಲಿ ನೆನೆಸಿ, ಕಲೀಜಾದ ತುಂಡುಗಳ ನಡುನಡುವೆ ಕುರಿಯ ಕೊಬ್ಬು ಪೋಣಿಸಿ ಕೆಂಡದ ಮೇಲಿಟ್ಟಳು. ಮಸಾಲೆ ಇಲ್ಲ, ಅರಿಸಿನವೂ ಇಲ್ಲ. ಉಪ್ಪು ಹಾಕುವುದು ತುಂಡು ಬೆಂದ ಮೇಲೆ. ಮೊದಲೇ ಹಾಕಿದರೆ ಗಟ್ಟಿಯಾಗುತ್ತದಂತೆ. ಕೊಬ್ಬು ಕರಗಿ ಕೆಂಡಕ್ಕೆ ತೊಟ್ಟಿಕ್ಕಿದಾಗ ಎದ್ದ ಘಮಕ್ಕೆ ಅತ್ತೆ ಕುಳಿತಲ್ಲೇ ಮೂಗರಳಿಸಿದರು.

"ಉಪ್ಪಿಲ್ಲ ಇದಕ್ಕ," ಎಂದರು. ನಿಜಕ್ಕೂ ಆಗಿನ್ನೂ ಹಾಕಿರಲಿಲ್ಲ.

ಹುಡುಗಿ ಉಪ್ಪು ಉದುರಿಸಿ, ಲಿಂಬೆ ಹಿಂಡಿ, ಜೋಳದ ರೊಟ್ಟಿಯ ಚೂರಿನಲ್ಲಿ ತುಂಡನ್ನು ಹಿಡಿದು ಕಡ್ಡಿಯಿಂದ ಎಳೆದು, ಸೀದಾ ಅತ್ತೆಯ ತುಟಿಯ ಹತ್ತಿರ ಹಿಡಿದಳು. ಅತ್ತೆ ಅಭ್ಯಾಸದಂತೆ ಮಗನ ಕಡೆ ನೋಡಿದರು. ಹುಡುಗಿಗೆ ಆ ನೋಟದ ಅರ್ಥವೇ ಗೊತ್ತಿಲ್ಲ; ಕೈ ಕೆಳಗಿಳಿಸಲಿಲ್ಲ. "ಜಿಗರಂ," ಎಂದಳು ಮತ್ತೆ. ಮನೆಗೆ ಬಂದ ಕೂಸಿನ ಕೈ ತಳ್ಳಲಾಗದೆ ಅತ್ತೆ ಬಾಯಿ ತೆರೆದರು.

ಬಹಳ ಹೊತ್ತು ಅಗಿದರು. "ಇಷ್ಟು ಮೆತ್ತಗಿರ್ತದೇನು ಇದು?" ಎಂದು ಕೇಳಿದರು. ಒಂದು ಜನ್ಮವಿಡೀ ಅದನ್ನು ಹುರಿದು ಬಡಿಸಿದವರು ಕೇಳುವ ಪ್ರಶ್ನೆಯೇ ಅದು? ನನ್ನ ಗಂಡ ತಲೆಯೆತ್ತಲಿಲ್ಲ.

ಹುಡುಗಿ ಹೋದ ಮೇಲೂ ಅತ್ತೆ ತಮ್ಮ ಪಾಲನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಮಾತ್ರೆಯೂ ನಡೆದಿತ್ತು. ರಕ್ತ ನಿಧಾನಕ್ಕೆ ಏರಿತು, ಆಪರೇಷನ್ನೂ ಸುಸೂತ್ರವಾಯಿತು. ಚೇತರಿಸಿಕೊಂಡು ಮತ್ತೆ ಒಲೆಯ ಮುಂದೆ ಕೂತ ದಿನ ಕಲೀಜಾ ಅವರೇ ಸುಟ್ಟರು. ಮೊದಲ ತುಂಡನ್ನು ರೊಟ್ಟಿಯಲ್ಲಿ ಎಳೆದು, ಮಗನನ್ನು ದಾಟಿ, ನನ್ನ ಬಾಯಿಯ ಹತ್ತಿರ ತಂದರು.

"ತಿನ್ನು, ಜಿಗರವ್ವಾ."

ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಕಲೀಜಾ ತಿಂದದ್ದು ಅದೇ ಮೊದಲು.