ಪಕ್ಕದ ಮನೆಯ ಕುಕ್ಕರ್ ಕೂಗದ ದಿನ

“ರೀ, ನಿಮ್ಮ ಕುಕ್ಕರ್ ಆಗಿಂದ ಕೂಗ್ತಾನೇ ಇದೆ, ಸ್ಟವ್ ಆರ್ಸಿ!”

ಪಕ್ಕದ ಮನೆಯ ಅಡುಗೆಮನೆಯಿಂದ ಬಂದ ದನಿಗೆ ಬೆಚ್ಚಿಬಿದ್ದೆ. ಫೋನಿನಲ್ಲಿ ಮಾತಾಡುತ್ತಿದ್ದವಳು ಓಡಿಹೋಗಿ ಒಲೆ ಆರಿಸಿದೆ. ಎನ್.ಆರ್. ಕಾಲೋನಿಯ ಈ ಮನೆಗೆ ಬಾಡಿಗೆಗೆ ಬಂದು ವರ್ಷವಾದರೂ ಆ ಮನೆಯವರ ಮಾತು ಕೇಳಿದ್ದು ಅದೇ ಮೊದಲು. ಸೆಕೆಗೆ ಎರಡೂ ಮನೆಯ ಕಿಟಕಿಗಳು ತೆರೆದಿದ್ದವು. ಸೊಳ್ಳೆ ಜಾಲರಿಯ ಆಚೆ ಮುಖ ಮಾತ್ರ ಕಾಣಲಿಲ್ಲ.

ಅಂದಿನಿಂದ ನನ್ನ ಕಿವಿಯೆಲ್ಲ ಆ ಕಡೆಗೇ. ಬೆಳಗಾದರೆ ಅವರ ಕುಕ್ಕರ್ ಕೂಗುತ್ತಿತ್ತು. ಹಿಂದೆಯೇ ಒಗ್ಗರಣೆಯ ಚಟಪಟ, ಇಂಗಿನ ಘಮ. ಇವತ್ತು ಯಾವ ಹುಳಿಯೋ ಎಂದು ಊಹಿಸುವುದೇ ನನಗೊಂದು ಆಟವಾಯಿತು.

ಹೀಗೇ ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಏನೂ ಕೇಳಿಸಲಿಲ್ಲ. ಹೊತ್ತೇರಿದರೂ ಕುಕ್ಕರ್ ಇಲ್ಲ, ಒಗ್ಗರಣೆಯೂ ಇಲ್ಲ. ಯಾರಿಗಾದರೂ ಹುಷಾರಿಲ್ಲವೇನೋ? ತಡೆಯಲಾರದೆ ಹೋಗಿ ಬಾಗಿಲು ಬಡಿದೆ.

ತೆರೆದವರು ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸು. ಬೆನ್ನ ಹಿಂದಿನಿಂದ ಅವರ ಅತ್ತೆ, ಗಂಡ ಇಬ್ಬರೂ ಇಣುಕಿದರು.

“ನಿಮ್ಮ ಕುಕ್ಕರ್ ಕೂಗ್ಲೇ ಇಲ್ವಲ್ಲ, ಅದಕ್ಕೇ ಬಂದೆ” ಎಂದೆ, ನಾಚಿಕೊಂಡು.

ಮನೆಯವರೆಲ್ಲ ಗೊಳ್ಳೆಂದು ನಕ್ಕರು. “ಇವತ್ತು ಏಕಾದಶಿ ಕಣ್ರೀ, ಎಲ್ರೂ ಉಪವಾಸ! ಬನ್ನಿ ಒಳಗೆ” ಎಂದರು ಬಾಗಿಲು ತೆರೆದಾಕೆ, ಅಂದು ಕಿಟಕಿಯಿಂದ ಕೇಳಿದ್ದ ದನಿಯಲ್ಲೇ. ನಮ್ಮ ಮನೆಯಲ್ಲಿ ಆ ರೂಢಿಯಿಲ್ಲ, ನನಗೆ ಹೊಳೆದೇ ಇರಲಿಲ್ಲ.

ಈಗ ಮಳೆ ಶುರುವಾಗಿ ಕಿಟಕಿಗಳು ಅರ್ಧ ಮುಚ್ಚಿವೆ. ಆದರೂ ಹದಿನೈದು ದಿನಕ್ಕೊಮ್ಮೆ ಆ ಸಂದಿಯಿಂದ ಅದೇ ದನಿ ತಪ್ಪದೆ ಬರುತ್ತದೆ: “ನಾಳೆ ಏಕಾದಶಿ ರೀ, ಗಾಬರಿ ಆಗ್ಬೇಡಿ!”