ವೇದವಲ್ಲಿಯವರ ಹಿರಿಯರ ಪಾಸು

ವೇದವಲ್ಲಿ ವಯಸ್ಸು ಮುಚ್ಚಿಡುವವರಲ್ಲ, ಕೇಳದಿದ್ದರೂ ಹೇಳುವವರು. ಜಪಾನಿನ ನಗೋಯಾದ ಕಾರು ಕಾರ್ಖಾನೆಯಿಂದ ನಿವೃತ್ತರಾದ ಈ ಮೈಸೂರಿನ ಎಂಜಿನಿಯರ್ ಬಾಡಿಗೆ ಮನೆ ಬಿಟ್ಟು, ಕ್ಯಾಂಪರ್ ವ್ಯಾನಿನಲ್ಲೇ ಒಂಟಿ ಸಂಸಾರ ಹೂಡಿದ್ದಾರೆ. ಅವರು ಸಾರಿಗೆ ಒಗ್ಗರಣೆ ಕೊಟ್ಟರೆ ಅಕ್ಕಪಕ್ಕದ ಟೆಂಟಿನವರೆಲ್ಲ ಬಟ್ಟಲು ಹಿಡಿದು ಹಾಜರು. ಯಾವ ಊರಿನ ಸರ್ಕಾರಿ ಕ್ಯಾಂಪ್ ಮೈದಾನಕ್ಕೆ ಹೋದರೂ ಮೊದಲು ತಲೆ ಬಾಚಿಕೊಂಡು, ಹಿರಿಯ ನಾಗರಿಕರ ರಿಯಾಯಿತಿ ಪಾಸನ್ನು ಎರಡೂ ಕೈಯಲ್ಲಿ ಹಿಡಿದು ಕೌಂಟರಿಗೆ ನಡೆಯುತ್ತಾರೆ. ಗುಮಾಸ್ತರು ಸರಿಯಾಗಿ ನೋಡದೆ ತಲೆಯಾಡಿಸಿದರೆ ಒಪ್ಪುವುದಿಲ್ಲ. ಹುಟ್ಟಿದ ವರ್ಷವನ್ನು ಬೆರಳಿಟ್ಟು ತೋರಿಸುತ್ತಾರೆ. ಮೊನ್ನೆ ಒಂದು ಸರೋವರದ ದಂಡೆಯಲ್ಲಿ, ಕೌಂಟರಿನ ಮೊರಿತಾ ಸಾನ್ ಎಂಬಾಕೆ ಸಂಕೋಚದಿಂದ, "ಸುಮಿಮಾಸೆನ್, ಕ್ಷಮಿಸಿ, ಇಲ್ಲಿ ರಿಯಾಯಿತಿ ಇಲ್ಲ" ಎಂದರು. "ಗೊತ್ತು ಕಣಮ್ಮ, ಬೋರ್ಡ್ ಓದ್ದೆ. ಸುಮ್ನೆ ಒಂದ್ಸಲ ನೋಡಿ" ಎಂದರು ವೇದವಲ್ಲಿ, ತಮ್ಮ ಮೈಸೂರು ಧಾಟಿಯ ಜಪಾನಿಯಲ್ಲಿ. ರಿಯಾಯಿತಿ ಇಲ್ಲದ ಮೇಲೆ ನೋಡುವುದೇಕೆಂದು ಆಕೆಗೆ ಅರ್ಥವಾಗಲಿಲ್ಲ. ವೇದವಲ್ಲಿಯೇ ಬಿಡಿಸಿ ಹೇಳಿದರು: "ಐವತ್ತಕ್ಕೆ ಕ್ಯಾನ್ಸರ್ ಬಂತು. ಅರವತ್ತು ನೋಡೋದು ಡೌಟು ಅಂದಿದ್ರು ಡಾಕ್ಟ್ರು. ಅರವತ್ತು ದಾಟಿ ಈ ಪಾಸು ಕೈಗೆ ಬಂದ ದಿನ ಆಫೀಸಿನ ಮೆಟ್ಟಿಲ ಮೇಲೇ ಕೂತು ಅತ್ತುಬಿಟ್ಟೆ." ಮೊರಿತಾ ಸಾನ್ ಕನ್ನಡಕ ಹುಡುಕಿ ಹಾಕಿಕೊಂಡು ಪಾಸಿನ ಅಕ್ಷರ ಅಕ್ಷರವನ್ನೂ ಓದಿದರು, ಆಮೇಲೆ ಕುರ್ಚಿಯಿಂದೆದ್ದು, ಸೊಂಟದ ತನಕ ಬಾಗಿ ವಂದಿಸಿದರು.