ರೊಟ್ಟಿಯ ಸಪ್ಪಳ

ಅವ್ವನ ಸಕ್ಕರೆ ಬೇಗ ಇಳಿಯಲಿ ಎಂದು ಆ ವಾರ ನಾನು ಹರಕೆ ಹೊರದ ದೇವರಿಲ್ಲ. ಸಕ್ಕರೆ ಇಳಿದರೆ ಮಣಿಪಾಲದಲ್ಲಿ ಅವಳ ಕಣ್ಣಿನ ಪೊರೆ ತೆಗೆಯುತ್ತಾರೆ, ತೆಗೆದರೆ ಅವಳು ಉದ್ಯಾವರಕ್ಕೆ, ತಮ್ಮನ ಮನೆಗೆ ವಾಪಸು ಹೋಗುತ್ತಾಳೆ. ಹೆತ್ತವಳು ಮನೆಯಲ್ಲಿರುವಾಗ ಯಾವಾಗ ಹೋಗುತ್ತಾಳೋ ಎಂದು ಕಾಯುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಆದರೆ ನನಗೆ ಬನ್ನಂಜೆಯ ಆ ಬಾಡಿಗೆ ಮನೆ ಬೇಕಿತ್ತು, ಅವ್ವ ಬಾಯಿ ಬಿಟ್ಟರೆ ಅದು ಹೋಗುತ್ತಿತ್ತು.

ಕೆಳಗಿನ ಮನೆಯಲ್ಲಿ ಇದ್ದದ್ದು ನಿವೃತ್ತ ಟೀಚರ್, ಮನೆಯ ಒಡತಿ. ಮನೆ ಕೇಳಲು ಹೋದ ದಿನ ತುಳುವಿನಲ್ಲೇ ಮಾತಾಡಿದ್ದೆವು. ಊರು ಎಲ್ಲಿ ಎಂದರು, ಉದ್ಯಾವರ ಎಂದೆ. ಅದು ಸುಳ್ಳಲ್ಲ. ಅಪ್ಪ ಅವ್ವ ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಅಲ್ಲೇ ಶೆಡ್ ಹಾಕಿಕೊಂಡಿದ್ದರು, ನಾನು ಹುಟ್ಟಿದ್ದು ಆ ಶೆಡ್ಡಿನಲ್ಲೇ. ಓಣಿಯ ಮಕ್ಕಳೊಡನೆ ಆಡುತ್ತಾ ಕಲಿತ ನನ್ನ ತುಳುವಿನಲ್ಲಿ ಯಾರೂ ಒಂದು ಕಲ್ಲು ಹೆಕ್ಕಿ ತೋರಿಸಲಾರರು. ಟೀಚರ್ ಬೀಗದ ಕೈ ಕೊಟ್ಟರು. ದಿನಾ ಸಂಜೆ ಲ್ಯಾಬಿನ ಕೆಲಸ ಮುಗಿಸಿ ಬಂದಾಗ ಗೇಟಿನ ಬಳಿಯೇ ಕೇಳುತ್ತಿದ್ದರು, "ಒಣಸ್ ಆಂಡಾ ಮಗಾ?" ಊಟವಾಯಿತಾ ಎಂದು. ಆ 'ಮಗಾ' ಕೇಳಿದರೆ ಅರ್ಧ ಆಯಾಸ ಇಳಿಯುತ್ತಿತ್ತು.

ಒಮ್ಮೆ ಅವರ ಬಾವಿಯ ಪಂಪು ಕೆಟ್ಟಿತು. ಬಯಲುಸೀಮೆಯ ರಿಪೇರಿಯವನು ಅರ್ಧಂಬರ್ಧ ಮಾಡಿ ಹೋದ ಮೇಲೆ ಟೀಚರ್ ಚಾ ಕೊಡುತ್ತಾ, "ಘಟ್ಟದವರ ಕೆಲಸವೇ ಹಾಗೆ ಮಗಾ. ಮನೆಯೂ ಅಷ್ಟೇ, ಒಬ್ಬರಿಗೆ ಕೊಟ್ಟರೆ ಹತ್ತು ಜನ ಬಂದು ಸೇರುವುದು. ನಾವು ಕೊಡ್ಲಿಕ್ಕೇ ಇಲ್ಲ" ಎಂದು ತುಳುವಿನಲ್ಲಿ ಅಂದರು. ಬೈಗುಳದ ಧಾಟಿಯಲ್ಲ, ಮಳೆ ಬರುವ ಹಾಗುಂಟು ಎಂದಂತೆ ಹೇಳಿದರು. ನಾನು ಚಾ ಕುಡಿದೆ. ಘಟ್ಟದವರು ಎಂದರೆ ಘಟ್ಟದ ಮೇಲಿನವರು, ಅಷ್ಟೇ ತಾನೇ? ಆ ಪದದಲ್ಲಿ ಏನೂ ದೋಷವಿಲ್ಲ. ಆದರೆ ಚಾದ ಜೊತೆ ಆಡಿದ ಆ ಮಾತು ಗೇಟಿನ ಬೀಗವಾಗಲು ಹೆಚ್ಚು ದೂರ ನಡೆಯಬೇಕಿಲ್ಲ ಎಂದು ಅವತ್ತು ಗೊತ್ತಾಯಿತು. ಅಂದಿನಿಂದ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು.

ಇಂಥ ಮನೆಗೆ ಅವ್ವ ಇಳಕಲ್ ಸೀರೆ ಉಟ್ಟು, ಜೋಳದ ಹಿಟ್ಟಿನ ಚೀಲ ಹೊತ್ತು ಬಂದಳು. ಟೀಚರ್ ಕಣ್ಣಿಗೆ ಬೀಳುವ ಮೊದಲೇ ಅವಳನ್ನು ಮೇಲೆ ಹತ್ತಿಸಿ, ಕೆಳಗಿಳಿಯಬೇಡ ಎಂದಿದ್ದೆ. ಸಕ್ಕರೆಗೆ ಅನ್ನಕ್ಕಿಂತ ರೊಟ್ಟಿ ಒಳ್ಳೆಯದೆಂದು ಡಾಕ್ಟರೇ ಹೇಳಿದ್ದರಂತೆ. ಮರುದಿನ ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ರೊಟ್ಟಿ ಬಡಿಯುವ ಮರದ ಕೊಣಮಿಗೆ ಇಟ್ಟುಕೊಂಡು ಕೂತಳು. ಟಪ್ ಟಪ್ ಟಪ್. ನನ್ನ ಎದೆಯೂ ಅದೇ ತಾಳಕ್ಕೆ ಬಡಿಯತೊಡಗಿತು. ನೀರ್ದೋಸೆಯ ಈ ಊರಿನಲ್ಲಿ ಯಾರ ಮನೆಯಲ್ಲೂ ಹೀಗೆ ಸದ್ದಾಗುವುದಿಲ್ಲ.

ಗೇಟಿನಲ್ಲಿ ಟೀಚರ್ ಕೇಳಿಯೇಬಿಟ್ಟರು, ಮೇಲೆ ಎಂತ ಸದ್ದು, ಬಟ್ಟೆ ಒಗೆಯುವುದಾ ಎಂದು. ಹೌದೆಂದೆ. ಅಮ್ಮನಿಗೆ ಬಟ್ಟೆ ಶುದ್ಧ ಆಗದಿದ್ದರೆ ಸಮಾಧಾನವೇ ಇಲ್ಲ ಎಂದೂ ಸೇರಿಸಿದೆ. ಸಕ್ಕರೆ ಮಾತ್ರ ಇಳಿಯಲಿಲ್ಲ. ದಿನಾ ಬೆಳಿಗ್ಗೆ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವುದು ನಡೆದೇ ಇತ್ತು.

ಭಾನುವಾರ ಬಾಗಿಲು ಬಡಿದ ಸದ್ದಾಯಿತು. ನಾನು ಏಳುವ ಮೊದಲೇ ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದಳು. ಟೀಚರ್ ನಿಂತಿದ್ದರು. ಅಮ್ಮನಿಗೆ ಆಪರೇಷನ್ ಎಂದು ಕೇಳಿ ಪಾತ್ರೆ ತುಂಬ ಹೆಸರುಕಾಳಿನ ಪಾಯಸ ತಂದಿದ್ದರು, ಸಕ್ಕರೆಯ ವಿಷಯ ಪಾಪ ಅವರಿಗೇನು ಗೊತ್ತು.

"ಬರ್ರಿ ಅಕ್ಕಾರ, ಒಳಗ ಬರ್ರಿ," ಎಂದಳು ಅವ್ವ. "ಬಿಸಿ ರೊಟ್ಟಿ ಅದಾವ, ಒಂದ್ ತಿಂದ್ ಹೋಗ್ರಿ."

ಟೀಚರ್ ಅವ್ವನ ಸೀರೆ ನೋಡಿದರು, ಕೊಣಮಿಗೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಪಾಯಸದ ಪಾತ್ರೆಯನ್ನು ಹೊಸ್ತಿಲ ಪಕ್ಕದ ಸ್ಟೂಲಿನ ಮೇಲೆ ಮೆಲ್ಲಗೆ ಇಟ್ಟರು.

"ನೀವು ಘಟ್ಟದವರು ಅಂತ ಮೊದಲೇ ಹೇಳಬಹುದಿತ್ತಲ್ವಾ?" ಎಂದರು. "ಮೇಲಿನ ಮನೆ ಸ್ವಲ್ಪ ರಿಪೇರಿ ಮಾಡಿಸ್ಲಿಕ್ಕೆ ಉಂಟು. ನೀವು ಬೇರೆ ಕಡೆ ನೋಡಿಕೊಂಡರೆ ಒಳ್ಳೆಯದು."

ಕನ್ನಡದಲ್ಲಿ ಹೇಳಿದರು. ನನ್ನೊಡನೆ ಅವರು ಎಂದೂ ಕನ್ನಡ ಆಡಿದವರಲ್ಲ, ನೀವು ಎಂದವರೂ ಅಲ್ಲ. ಅಚ್ಚುಕಟ್ಟಾದ ಕನ್ನಡ, ಮರ್ಯಾದೆಯ ಕನ್ನಡ. ಮನೆ ಹೋದದ್ದಕ್ಕಿಂತ 'ಮಗಾ' ಹೋದದ್ದು ನನಗೆ ಉರಿಯಿತು. ನಾನು ತುಳುವಿನಲ್ಲೇ ಏನೋ ಹೇಳಹೊರಟೆ, ಅವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು.

ಅವ್ವ ಬಾಗಿಲಲ್ಲೇ ನಿಂತಿದ್ದಳು. "ಸಪ್ಪಳ ಭಾಳ ಆತೇನವ್ವಾ?" ಎಂದು ಕೇಳಿದಳು.

ನನ್ನ ಉತ್ತರಕ್ಕೆ ಕಾಯದೆ ಹೋಗಿ ಕೂತು, ಉಳಿದ ಹಿಟ್ಟನ್ನು ಬೆರಳ ತುದಿಯಿಂದ ಸದ್ದಿಲ್ಲದೆ ಒತ್ತತೊಡಗಿದಳು. ರೊಟ್ಟಿಯ ಅಂಚು ಒಡೆಯಿತು. ಇನ್ನೊಂದು ಒತ್ತಿದಳು, ಅದೂ ಒಡೆಯಿತು.

ನಾನು ಹೋಗಿ ಕಿಟಕಿ ಪೂರ್ತಿ ತೆರೆದೆ.

"ಬಡಿಯವ್ವಾ," ಎಂದೆ, ಕೆಳಗೆ ಕೇಳುವಷ್ಟು ಗಟ್ಟಿಯಾಗಿ, ನಮ್ಮ ಮಾತಿನಲ್ಲೇ. "ಜೋರ್ ಬಡಿ."